‘ಇಲ್ಲಿ ನೋಡವಾ’ ಎನ್ನದೆ ತೆಗೆಯುವ ಫೋಟೊ

ಲಗ್ನದ ದಿನ ನಮ್ಮ ಕಡೆಯ ಮದುಮಗಳಿಗೆ ಎರಡು ಅಪ್ಪಣೆಗಳು ಒಟ್ಟೊಟ್ಟಿಗೇ ಬರುತ್ತವೆ. ಬೆನ್ನ ಹಿಂದೆ ಕೂತ ದೊಡ್ಡವ್ವ ಸೆರಗು ಸರಿಮಾಡುತ್ತ, ‘ತಲಿ ಎತ್ತಬ್ಯಾಡ, ಮಂದಿ ನೋಡ್ತಾರ’ ಅನ್ನುತ್ತಾಳೆ. ಎದುರಿಗೆ ಕ್ಯಾಮೆರಾ ಹಿಡಿದು ನಿಂತವನು, ‘ತಲಿ ಎತ್ತವಾ, ಇಲ್ಲಿ ನೋಡು, ಸ್ವಲ್ಪ ನಗು’ ಅನ್ನುತ್ತಾನೆ. ತಲೆ ಎತ್ತಿದರೆ ‘ಭಾಳ ಧೈರ್ಯದಾಕಿ ಅದಾಳ’ ಎಂಬ ಮಾತು. ಎತ್ತದಿದ್ದರೆ ‘ಫೋಟೊ ಎಲ್ಲಾ ಕೆಟ್ಟುವು’ ಎಂಬ ಗೊಣಗು. ಯಾರ ಮಾತು ಕೇಳಿದರೂ ತಪ್ಪು ಅವಳದೇ. ಆಮೇಲೆ ಆಲ್ಬಮ್ ತಿರುವುತ್ತ ಮನೆಯವರೆಲ್ಲ ಒಂದು ಷರಾ ಬರೆದುಬಿಡುತ್ತಾರೆ: ‘ನಮ್ಮ ಹುಡುಗಿಗೆ ಕ್ಯಾಮೆರಾ ಅಂದ್ರ ನಾಚಿಕಿ.’

ಈ ಷರಾದಲ್ಲಿ ಅರ್ಧ ಮಾತ್ರ ನಿಜ. ನಾಚಿಕೆ ಅವಳದಿರಬಹುದು, ಆದರೆ ಕೆಟ್ಟ ಫೋಟೊದ ಹೊಣೆ ಅವಳದಲ್ಲ. ಬೆಳಕು ಎಲ್ಲಿಂದ ಬರಬೇಕು, ಎಷ್ಟು ದೂರದಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ಕ್ಲಿಕ್ಕಿಸಬೇಕು, ಆ ಹೊತ್ತಿಗೆ ಎದುರಿಗೆ ಯಾರಿರಬೇಕು, ಯಾರಿರಬಾರದು ಎಂಬುದನ್ನೆಲ್ಲ ಫೋಟೊದವರು ಮೊದಲೇ ಹೊಂದಿಸಿಕೊಂಡರೆ ಮದುಮಗಳಿಂದ ಕೇಳಿ ಪಡೆಯಬೇಕಾದದ್ದು ಏನೂ ಉಳಿಯುವುದಿಲ್ಲ. ಹಾಗೆ ಹೊಂದಿಸಿಕೊಳ್ಳದವರೇ ‘ನಗು, ನಗು’ ಎಂದು ಕೂಗುವುದು. ನಾಚಿಕೆಯನ್ನು ಕಳೆಯುವುದು ಫೋಟೊದವರ ಕೆಲಸವಲ್ಲ. ನಾಚಿಕೆಯ ಹುಡುಗಿ ತಾನು ಇದ್ದಂತೆಯೇ ಇದ್ದು ಚೆನ್ನಾಗಿ ಕಾಣುವಂತೆ ಮಾಡುವುದು ಅವರ ಕೆಲಸ.

ಕಲ್ಯಾಣ ಮಂಟಪದ ಮದುವೆಗೂ ಮನೆ ಮದುವೆಗೂ ಇಲ್ಲಿ ದೊಡ್ಡ ವ್ಯತ್ಯಾಸವಿದೆ. ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲೋ ಮಸ್ಕಿಯಲ್ಲೋ ಮಂಟಪ ಹಿಡಿದರೆ ವೇದಿಕೆ ಇರುತ್ತದೆ, ಅದಕ್ಕೆ ತಕ್ಕ ದೀಪ ಇರುತ್ತವೆ, ನೋಡುವವರು ದೂರದ ಕುರ್ಚಿಗಳಲ್ಲಿ ಕೂತಿರುತ್ತಾರೆ. ಮದುಮಗಳಿಗೊಂದು ಕೋಣೆ, ಆ ಕೋಣೆಗೊಂದು ಚಿಲಕ ಇರುತ್ತದೆ. ವಳಕಮದಿನ್ನಿಯಂಥ ಹಳ್ಳಿಯಲ್ಲಿ ಮನೆಯ ಮುಂದೆಯೇ ಹಂದರ ಹಾಕಿ ಲಗ್ನ ಮಾಡಿದರೆ ಪಡಸಾಲೆಯೇ ವೇದಿಕೆ, ಅಡುಗೆಮನೆಯ ಮೂಲೆಯೇ ಶೃಂಗಾರದ ಕೋಣೆ. ಮಂದಿ ಕಡಿಮೆ, ಆದರೆ ಬಲು ಹತ್ತಿರ. 2020ರ ಕೊರೊನಾ ಕಾಲದಲ್ಲಿ ಮದುವೆಗೆ 50 ಮಂದಿ ಮೀರಬಾರದು ಎಂಬ ನಿಯಮ ಬಂದಾಗ ಮನೆ ಮದುವೆಯ ರೂಢಿ ಬಿಟ್ಟಿದ್ದ ಅನೇಕರು ಮತ್ತೆ ಅಂಗಳಕ್ಕೆ ಬಂದರು. ಆಗ ಹಲವರು ಕಂಡುಕೊಂಡ ಸಂಗತಿ ಇದು: ಐನೂರು ಅಪರಿಚಿತರ ನಡುವೆ ಸಿಗುವ ಮರೆ ಐವತ್ತು ಪರಿಚಿತರ ನಡುವೆ ಸಿಗದು. ಅತ್ತೆಯಾಗುವಾಕೆ ಕೈಯಳತೆಯಲ್ಲಿ ಕೂತಿರುತ್ತಾಳೆ. ಬೀಗರ ಕಡೆಯ ಹುಡುಗರು ಮೊಬೈಲು ಎತ್ತಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ಎಲ್ಲರ ಕಣ್ಣೂ ಒಂದು ಮುಖದ ಮೇಲೆ.

ನಮ್ಮ ಸೀಮೆಗೆ ಸೇರಿದ ಒಂದು ಹಳೆಯ ಪ್ರಸಂಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದ ಹೆಸರಾಂತ ಛಾಯಾಗ್ರಾಹಕ ಲಾಲಾ ದೀನ್ ದಯಾಳ್. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಈ ದೀನ್ ದಯಾಳರಿಗೆ ‘ರಾಜಾ ಮುಸವ್ವಿರ್ ಜಂಗ್ ಬಹಾದ್ದೂರ್’ ಎಂಬ ಬಿರುದು ಕೊಟ್ಟಿದ್ದ. ಅರಮನೆ, ಬೇಟೆ, ದರ್ಬಾರು ಎಲ್ಲವೂ ದೀನ್ ದಯಾಳರ ಕ್ಯಾಮೆರಾಕ್ಕೆ ಸಿಕ್ಕಿದ್ದವು. ಸಿಗದೆ ಉಳಿದವರು ಪರದೆಯ ಹಿಂದಿನ ಹೆಣ್ಣುಮಕ್ಕಳು. 1892ರಲ್ಲಿ ದೀನ್ ದಯಾಳರು ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೊ ತೆರೆದರು. ಸುತ್ತ ಎತ್ತರದ ಗೋಡೆ. ಒಳಗೆ ಗಂಡಸರಿಗೆ ಪ್ರವೇಶವಿಲ್ಲ. ಕ್ಯಾಮೆರಾ ಹಿಂದೆ ನಿಲ್ಲಲು ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆಯನ್ನು ನೇಮಿಸಿದರು. ಅಲ್ಲಿಗೆ ಹೋದವರು ಉಳ್ಳವರ ಮನೆಯ ಹೆಂಗಸರೇ ಹೊರತು ನಮ್ಮ ಹಳ್ಳಿಯ ಒಕ್ಕಲು ಹೆಣ್ಣುಮಕ್ಕಳಲ್ಲ. ಆದರೂ ಆ ಮನುಷ್ಯನ ಲೆಕ್ಕಾಚಾರ ನೋಡಿ. ಹೆಂಗಸರು ಪರದೆ ಬಿಡಲಿ, ಧೈರ್ಯ ತಂದುಕೊಳ್ಳಲಿ ಎಂದು ಅವರು ಕಾಯಲಿಲ್ಲ. ಜಾಗವನ್ನು ಬದಲಿಸಿದರು, ಕ್ಯಾಮೆರಾ ಹಿಡಿಯುವ ಕೈಯನ್ನು ಬದಲಿಸಿದರು. ಅಷ್ಟು ಸಾಕಾಯಿತು.

ನೂರಮೂವತ್ತು ವರ್ಷ ದಾಟಿದ ಮೇಲೂ ಪಾಠ ಅದೇ. ಮನೆ ಮದುವೆಗೆ ಫೋಟೊದವರನ್ನು ಗೊತ್ತುಮಾಡುವಾಗ ಜೊತೆಗೆ ಒಬ್ಬ ಹೆಣ್ಣುಮಗಳು ಇದ್ದಾಳೆಯೇ ಎಂದು ಕೇಳುವುದು ಅತಿಯಲ್ಲ. ಸೀರೆ ಉಡಿಸುವಾಗ, ದಂಡೆ ಕಟ್ಟುವಾಗ, ಅರಿಶಿಣ ಹಚ್ಚುವಾಗ ಒಳಗೆ ಇರಬೇಕಾದದ್ದು ಅವಳೇ. ಅಂಥವರು ಸಿಗದಿದ್ದರೆ ಮದುಮಗಳ ತಂಗಿಯ ಕೈಗೋ ಗೆಳತಿಯ ಕೈಗೋ ಒಂದು ಕ್ಯಾಮೆರಾ ಕೊಟ್ಟು, ಎಲ್ಲಿ ನಿಲ್ಲಬೇಕು, ಏನು ಒತ್ತಬೇಕು ಎಂದಷ್ಟೇ ಹೇಳಿ ಹೊರಗೆ ನಿಲ್ಲುವುದು ಮೇಲು. ಕುಶಲತೆಯಲ್ಲಿ ಒಂದು ಪಾಲು ಕಡಿಮೆಯಾದೀತು, ಮುಖದಲ್ಲಿ ಎರಡು ಪಾಲು ಸಿಕ್ಕೀತು.

ನಾಚಿಕೆ ಎಂದು ಒಂದೇ ಹೆಸರಿನಿಂದ ಕರೆದರೂ ಅದರ ಬೇರು ಬೇರೆಬೇರೆ. ಮೊದಲನೆಯದು ತನ್ನ ಮುಖ ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ ಎಂಬ ನಂಬಿಕೆ. ಇದು ಬರೀ ಭ್ರಮೆಯೂ ಅಲ್ಲ. 1977ರಲ್ಲಿ ಅಮೆರಿಕದ ಮೂವರು ಮನೋವಿಜ್ಞಾನಿಗಳು, ಮಿಟಾ, ಡರ್ಮರ್ ಮತ್ತು ನೈಟ್, ಒಂದು ಪ್ರಯೋಗ ಮಾಡಿದರು. ಒಂದೇ ಮುಖದ ಎರಡು ಚಿತ್ರ: ಒಂದು ಇದ್ದಂತೆ, ಇನ್ನೊಂದು ಎಡಬಲ ತಿರುಗಿಸಿದ್ದು. ಆ ಮುಖದವರು ತಿರುಗಿಸಿದ್ದನ್ನು ಹೆಚ್ಚಾಗಿ ಇಷ್ಟಪಟ್ಟರೆ ಅವರ ಗೆಳೆಯರು ಇದ್ದಂತೆ ಇದ್ದದ್ದನ್ನು ಇಷ್ಟಪಟ್ಟರು. ಕಾರಣ ಸರಳ. ನಮ್ಮ ಮುಖವನ್ನು ನಾವು ದಿನವೂ ನೋಡುವುದು ಕನ್ನಡಿಯಲ್ಲಿ. ಬೈತಲೆಯ ಓರೆ, ಮೂಗಿನ ನತ್ತು ಎಲ್ಲವೂ ಅಲ್ಲಿ ಎಡಬಲ ಅದಲುಬದಲು. ಕ್ಯಾಮೆರಾ ತೋರಿಸುವುದು ಬೇರೆಯವರು ನೋಡುವ ಮುಖ. ಅದು ನಮಗೆ ಅಷ್ಟಾಗಿ ಪರಿಚಯವಿಲ್ಲದ ಮುಖ. ಹಾಗಾಗಿ ‘ಇದು ನನ್ನಂಗ ಇಲ್ಲ’ ಎಂದು ಹುಡುಗಿ ಹೇಳಿದರೆ ಅವಳ ಮಟ್ಟಿಗೆ ಅದು ನಿಜವೇ.

ಎರಡನೆಯದು ಮೊಬೈಲು ಮಾಡಿದ ಕೇಡು. ಇಂದಿನ ಹುಡುಗಿ ತನ್ನ ಮುಖವನ್ನು ಹೆಚ್ಚಾಗಿ ನೋಡಿರುವುದು ಒಂದು ಕೈ ದೂರದ ಸೆಲ್ಫಿಯಲ್ಲಿ. ಕ್ಯಾಮೆರಾ ಮುಖಕ್ಕೆ ಹತ್ತಿರವಾದಷ್ಟೂ ಮುಂದಿರುವ ಮೂಗು ದಪ್ಪಗೂ ಹಿಂದಿರುವ ಕಿವಿ, ಕೆನ್ನೆ ಸಣ್ಣಗೂ ಕಾಣುತ್ತವೆ. 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ ಪ್ರಕಾರ, 5 ಅಡಿ ದೂರದಿಂದ ತೆಗೆದ ಚಿತ್ರಕ್ಕಿಂತ 12 ಅಂಗುಲ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು ಶೇ 30ರಷ್ಟು ಅಗಲವಾಗಿ ಕಾಣುತ್ತದೆ. ಮೂಗು ದಪ್ಪ ಎಂದು ಕೊರಗುವ ಎಷ್ಟೋ ಹುಡುಗಿಯರ ಮೂಗಿನಲ್ಲಿ ದೋಷವೇ ಇಲ್ಲ, ಇರುವುದು ಕೈಯ ಉದ್ದದಲ್ಲಿ. ಫೋಟೊದವರು ಏಳೆಂಟು ಅಡಿ ಹಿಂದೆ ಸರಿದು, ಪೂರ್ಣ ಅಳತೆಯ ಸಂವೇದಕದ ಕ್ಯಾಮೆರಾ ಇದ್ದರೆ 85 ಎಂಎಂ ಲೆನ್ಸು, ಜಾಗ ಸಾಲದಿದ್ದರೆ 50 ಎಂಎಂ ಹಾಕಿ ತೆಗೆದರೆ ಮುಖದ ಅಳತೆ ತನ್ನಷ್ಟಕ್ಕೆ ತಾನೇ ಸರಿಯಾಗುತ್ತದೆ. ಮೇಲಾಗಿ, ಏಳೆಂಟು ಅಡಿ ಎಂಬುದು ಮನುಷ್ಯರ ನಡುವಿನ ಮರ್ಯಾದೆಯ ದೂರವೂ ಹೌದು. ಕ್ಯಾಮೆರಾ ಮುಖದ ಮೇಲೆ ಬಂದು ನಿಂತರೆ ಯಾರಾದರೂ ಹಿಂಜರಿಯುತ್ತಾರೆ.

ಮೂರನೆಯದನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ: ಮೈಬಣ್ಣ. ಹೊಲದಲ್ಲಿ ಭತ್ತ ನಾಟಿ ಮಾಡಿ, ಹತ್ತಿ ಬಿಡಿಸಿ ಬೆಳೆದ ಹುಡುಗಿಯ ಬಣ್ಣ ಕಪ್ಪಾಗಿರುವುದು ಸಹಜ. ಫೋಟೊ ತೆಗೆಯುವ ತಂತ್ರಜ್ಞಾನ ಮಾತ್ರ ಆ ಬಣ್ಣವನ್ನು ಮನಸ್ಸಿನಲ್ಲಿಟ್ಟು ಹುಟ್ಟಿದ್ದಲ್ಲ. ಕೊಡಾಕ್ ಕಂಪನಿ 1950ರ ದಶಕದಿಂದ ಪ್ರಯೋಗಾಲಯಗಳಿಗೆ ಬಣ್ಣ ಸರಿಹೊಂದಿಸಲು ಕಳಿಸುತ್ತಿದ್ದ ‘ಶೆರ್ಲಿ ಕಾರ್ಡು’ಗಳಲ್ಲಿ ಇದ್ದದ್ದು ಬಿಳಿಯ ಹೆಂಗಸಿನ ಮುಖ, ಆ ಮುಖ ಸರಿ ಬಂದರೆ ಎಲ್ಲ ಸರಿ. ಕಪ್ಪು ಮೈಬಣ್ಣ ಮಸಿಯಾದರೆ ಅದು ತೆಗೆಸಿಕೊಂಡವರ ಅದೃಷ್ಟ. ಇಂದಿನ ಡಿಜಿಟಲ್ ಕ್ಯಾಮೆರಾ ಆ ದೋಷವನ್ನು ಬಹಳಷ್ಟು ದಾಟಿದೆ. ದಾಟದೆ ಉಳಿದದ್ದು ಕಂಪ್ಯೂಟರಿನ ಮುಂದೆ ಕೂತು ಮುಖವನ್ನು ಸುಣ್ಣ ಬಳಿದಂತೆ ಬೆಳ್ಳಗೆ ಮಾಡುವ ಚಟ. ಕೈ ಒಂದು ಬಣ್ಣ, ಮುಖ ಒಂದು ಬಣ್ಣ. ಆಲ್ಬಮ್ ನೋಡಿದ ಹುಡುಗಿಗೆ ಅದರಿಂದ ತಿಳಿಯುವುದು ಒಂದೇ: ನಿನ್ನ ಬಣ್ಣ ತೋರಿಸುವಂಥದ್ದಲ್ಲ. ಅಕ್ಕನ ಆಲ್ಬಮ್ಮಿನಲ್ಲಿ ಹೀಗಾದದ್ದನ್ನು ಕಂಡ ತಂಗಿ ತನ್ನ ಲಗ್ನದಲ್ಲಿ ಮುಖ ಮುಚ್ಚಿಕೊಂಡರೆ ಅಚ್ಚರಿಯೇನಿದೆ?

ಕಪ್ಪು ಮುಖ ಚೆನ್ನಾಗಿ ಬರಬೇಕಾದರೆ ಬೇಕಾದದ್ದು ಬಿಳಿ ಬಣ್ಣವಲ್ಲ, ಬದಿಯಿಂದ ಬರುವ ಮೃದುವಾದ ದೊಡ್ಡ ಬೆಳಕು. ನಮ್ಮ ಮನೆಗಳಲ್ಲಿ ಅಂಥ ಬೆಳಕು ಪುಕ್ಕಟೆ ಇದೆ. ಮಣ್ಣಿನ ಮಾಳಿಗೆ ಮನೆಯಾದರೆ ಮೇಲೊಂದು ಬೆಳಕಿಂಡಿ ಇರುತ್ತದೆ, ಆದರೆ ನೇರ ಅದರ ಕೆಳಗೆ ಕೂರಿಸಿದರೆ ಹುಬ್ಬಿನ ನೆರಳು ಕಣ್ಣಿನ ಮೇಲೆ ಬಿದ್ದು ಕಣ್ಣು ಗುಳಿಯಾಗಿ ಕಾಣುತ್ತವೆ. ಬೆಳಕಿಂಡಿಯಿಂದ ಬಿದ್ದ ಬಿಸಿಲು ನೆಲಕ್ಕೆ ತಗುಲಿ ಎದ್ದು ಬರುವ ಕಡೆ, ಅದರಿಂದ ಒಂದೆರಡು ಹೆಜ್ಜೆ ಆಚೆ ಕೂರಿಸಬೇಕು. ಇನ್ನೂ ಸುಲಭವಾದದ್ದು ತಲಬಾಗಿಲು. ಬಾಗಿಲ ಹೊರಗೆ ಹಂದರದ ನೆರಳು, ಒಳಗೆ ಪಡಸಾಲೆಯ ಮಬ್ಬು. ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ, ಮುಖ ಅರ್ಧ ಬಾಗಿಲ ಕಡೆಗೆ ಇರುವಂತೆ ಮಣೆ ಹಾಕಿದರೆ ಯಾವ ಸ್ಟುಡಿಯೊ ದೀಪವೂ ಬೇಕಿಲ್ಲ. ಎದುರಿಗೆ ಬಿಳಿ ಧೋತರ ಉಟ್ಟ ಅಜ್ಜ ಕೂತರಂತೂ ನೆರಳಿನ ಕಡೆಯ ಕೆನ್ನೆಗೂ ಬೆಳಕು ಮರಳಿ ಬರುತ್ತದೆ. ಮಣೆ ಎಲ್ಲಿ ಹಾಕಬೇಕು ಎಂಬುದನ್ನು ಲಗ್ನದ ಹಿಂದಿನ ಸಂಜೆಯೇ ಮನೆಯ ಹಿರಿಯರ ಜೊತೆ, ಶಾಸ್ತ್ರ ಮಾಡಿಸುವ ಅಯ್ಯನವರ ಜೊತೆ ಮಾತಾಡಿ ಗುರುತು ಹಾಕಿಟ್ಟರೆ, ಮರುದಿನ ಮದುಮಗಳನ್ನು ‘ಈ ಕಡಿ ತಿರುಗು, ಆ ಕಡಿ ಸರಿ’ ಎಂದು ಎಳೆದಾಡುವುದು ತಪ್ಪುತ್ತದೆ.

ಇಲ್ಲಿಯ ಲಗ್ನಗಳು ಹೆಚ್ಚಾಗಿ ಬೇಸಿಗೆಯವು. ರಾಯಚೂರಿನ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದ್ದು. ಮಧ್ಯಾಹ್ನದ ಹೊತ್ತು ಅಂಗಳದಲ್ಲಿ ಯಾರ ಕಣ್ಣೂ ತೆರೆಯುವುದಿಲ್ಲ. ನೆರಳಿಗೆಂದು ಹಾಕಿದ ಶಾಮಿಯಾನವೂ ತನ್ನದೇ ತೊಂದರೆ ತರುತ್ತದೆ. ಕೆಂಪು ಬಟ್ಟೆಯ ಕೆಳಗೆ ಎಲ್ಲರೂ ಕೆಂಪು, ನೀಲಿ ಬಟ್ಟೆಯ ಕೆಳಗೆ ಎಲ್ಲರೂ ಹೆಣದ ಬಣ್ಣ. ಅರಿಶಿಣ ಹಚ್ಚಿದ ಮೈಯ ಹಳದಿಯನ್ನು ಕ್ಯಾಮೆರಾ ತನ್ನಷ್ಟಕ್ಕೆ ತಾನೇ ‘ಸರಿಪಡಿಸಲು’ ಹೋಗಿ ಎಲ್ಲವನ್ನೂ ನೀಲಿಗೆ ತಿರುಗಿಸುವುದೂ ಉಂಟು. ಬಿಳಿ ಕಾಗದವೊಂದನ್ನು ಅದೇ ಬೆಳಕಿನಲ್ಲಿ ಹಿಡಿದು ಕ್ಯಾಮೆರಾದ ಬಣ್ಣದ ಅಳತೆಯನ್ನು (ವೈಟ್ ಬ್ಯಾಲೆನ್ಸ್) ಕೈಯಾರೆ ಹೊಂದಿಸಿಟ್ಟುಕೊಂಡರೆ ಅರಿಶಿಣ ಅರಿಶಿಣವಾಗಿಯೇ ಉಳಿಯುತ್ತದೆ. ಹಂದರ ಹಾಕಿಸುವಾಗಲೇ ಮದುಮಕ್ಕಳು ಕೂರುವ ಜಾಗದ ಮೇಲೆ ಬಿಳಿ ಬಟ್ಟೆ ಕಟ್ಟಿಸಿ ಎಂದರೆ ಇನ್ನೂ ಒಳ್ಳೆಯದು. ಹತ್ತಿರದ ಇಳಕಲ್ಲಿನ ಸೀರೆ ಉಟ್ಟಿದ್ದರೆ ಇನ್ನೊಂದು ಎಚ್ಚರ ಬೇಕು. ಟೋಪ ತೆನಿ ಸೆರಗಿನ ದಟ್ಟ ಕೆಂಪು ಜೋರು ಬೆಳಕಿನಲ್ಲಿ ನೇಯ್ಗೆಯೇ ಕಾಣದಂತೆ ಕೆಂಪಿನ ಮುದ್ದೆಯಾಗುತ್ತದೆ. ಬೆಳಕನ್ನು ಒಂದಿಷ್ಟು ತಗ್ಗಿಸಿ ತೆಗೆದರೆ ಬಿಳಿಯ ತೆನೆಗಳು ಎಣಿಸುವಂತೆ ಉಳಿಯುತ್ತವೆ.

ಫ್ಲಾಶ್ ಬೇಡವೇ? ನಾಚಿಕೆಯ ಮುಖಕ್ಕೆ ಅದು ಕೊನೆಯ ಉಪಾಯ. ವಿಡಿಯೊದವರು ಸಾವಿರ ವಾಟಿನ ಹ್ಯಾಲೊಜನ್ ದೀಪವನ್ನು ಮುಖಕ್ಕೇ ಹಿಡಿಯುತ್ತಿದ್ದ ಕಾಲದ ಮದುವೆಗಳನ್ನು ನೆನೆಸಿಕೊಂಡರೆ, ಆ ಕಾಲದ ಮದುಮಗಳು ತಲೆ ತಗ್ಗಿಸಿದ್ದು ನಾಚಿಕೆಗೋ ಶಾಖಕ್ಕೋ ಎಂದು ಕೇಳಬೇಕಾಗುತ್ತದೆ. ರೀಲಿನ ಕಾಲದಲ್ಲಿ 100, 200 ಐಎಸ್‌ಒ ಫಿಲ್ಮು ಹಾಕಿ ಮನೆಯೊಳಗೆ ತೆಗೆಯಲು ದೀಪ ಅನಿವಾರ್ಯವಾಗಿತ್ತು. ಈಗಿನ ಕ್ಯಾಮೆರಾದಲ್ಲಿ 3200 ಐಎಸ್‌ಒ ಇಟ್ಟರೂ ಚಿತ್ರ ಚೊಕ್ಕವಾಗಿ ಬರುತ್ತದೆ. ಆ ಅನಿವಾರ್ಯತೆ ಹೋಗಿ ಬರೀ ರೂಢಿ ಉಳಿದಿದೆ. ಸದ್ದಿನ ಮಾತೂ ಹಾಗೆಯೇ. ಪ್ರತಿ ‘ಖಟ್’ ಸದ್ದಿಗೂ ಹುಡುಗಿಯ ಹೆಗಲು ಬಿಗಿಯುತ್ತದೆ. ಹೊಸ ಕ್ಯಾಮೆರಾಗಳಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇದೆ. ಅದನ್ನು ಬಳಸುವಾಗ ಒಂದು ಲೆಕ್ಕ ತಪ್ಪಬಾರದು. ನಮ್ಮ ಕರೆಂಟು 50 ಹರ್ಟ್ಸಿನದು. ಟ್ಯೂಬ್‌ಲೈಟೂ ಅಗ್ಗದ ಎಲ್ಇಡಿ ಬಲ್ಬೂ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗ ಅದಕ್ಕೆ ಹೊಂದದಿದ್ದರೆ ಮುಖದ ಮೇಲೆ ಅಡ್ಡ ಪಟ್ಟೆಗಳು ಬೀಳುತ್ತವೆ. ಸೆಕೆಂಡಿನ ನೂರರಲ್ಲೊಂದು ಅಥವಾ ಐವತ್ತರಲ್ಲೊಂದು ಭಾಗಕ್ಕೆ ಇಟ್ಟರೆ ಪಟ್ಟೆ ಬಹುಪಾಲು ಮಾಯ. ಬಾಗಿಲ ಬೆಳಕೊಂದೇ ಸಾಕೆನಿಸಿದರೆ ಬಲ್ಬು ಆರಿಸಿಬಿಡುವುದು ಎಲ್ಲಕ್ಕಿಂತ ಒಳ್ಳೆಯದು.

ಇಷ್ಟಾದ ಮೇಲೆ ಉಳಿಯುವುದು ಹೊತ್ತಿನ ಆಯ್ಕೆ. ‘ನಗು’ ಎಂದರೆ ತುಟಿ ನಗುತ್ತದೆ, ಕಣ್ಣು ನಗುವುದಿಲ್ಲ. ಫ್ರಾನ್ಸಿನ ವೈದ್ಯ ಡುಷೆನ್ 1862ರಲ್ಲೇ ಫೋಟೊಗಳ ಸಮೇತ ಪುಸ್ತಕ ಬರೆದು ಹೀಗೆಂದು ವಾದಿಸಿದ್ದ: ತುಟಿಯ ಕೊನೆಯನ್ನು ಎತ್ತುವ ಸ್ನಾಯು ನಮ್ಮ ಮಾತು ಕೇಳುತ್ತದೆ, ಕಣ್ಣಿನ ಸುತ್ತಲಿನದು ನಿಜವಾದ ಸಂತೋಷಕ್ಕೆ ಮಾತ್ರ ಓಗೊಡುತ್ತದೆ. ಅಂದಮೇಲೆ ಆ ಸಂತೋಷ ತಾನಾಗಿ ಬರುವ ಗಳಿಗೆ ಯಾವುದು ಎಂದು ಗೊತ್ತಿರಬೇಕು. ಉತ್ತರ ಕರ್ನಾಟಕದ ಲಗ್ನದಲ್ಲಿ ಅಂಥ ಗಳಿಗೆಗಳಿಗೆ ಬರವಿಲ್ಲ.

ಭೂಮದ ಊಟ ಅಂಥದೊಂದು. ಗಂಡು ಹೆಣ್ಣು, ಬೀಗರು ಒಂದೇ ಕಡೆ ಕೂತು ಉಣ್ಣುವಾಗ ಒಬ್ಬರ ಬಾಯಿಗೆ ಇನ್ನೊಬ್ಬರು ತುತ್ತು ಇಡುವ ಗದ್ದಲ. ಆಗಲೇ ಯಾರೋ ಒಬ್ಬರು ‘ಗಂಡನ ಹೆಸರ ಹೇಳವಾ’ ಎಂದು ಶುರುಮಾಡುತ್ತಾರೆ. ಒಡಪು ಕಟ್ಟಿ ಹೆಸರು ಹೇಳಬೇಕಾದ ಹುಡುಗಿ ಮೊದಲು ಸೆರಗು ಬಾಯಿಗೆ ಹಿಡಿಯುತ್ತಾಳೆ, ಅಕ್ಕನ ಕಡೆ ನೋಡುತ್ತಾಳೆ, ಅಜ್ಜಿ ಕಿವಿಯಲ್ಲಿ ಒಂದು ಸಾಲು ಹೇಳಿಕೊಡುತ್ತಾಳೆ, ಹೇಳುತ್ತ ಹೇಳುತ್ತ ಅವಳೇ ನಕ್ಕುಬಿಡುತ್ತಾಳೆ. ಅರ್ಧ ನಿಮಿಷದಲ್ಲಿ ಮುಗಿಯುವ ಈ ಹೊತ್ತಿನಲ್ಲಿ ನಾಚಿಕೆಯೂ ಇದೆ, ಸಂತೋಷವೂ ಇದೆ, ಕ್ಯಾಮೆರಾ ನೆನಪು ಮಾತ್ರ ಇಲ್ಲ. ಬಹಳ ಮಂದಿ ಫೋಟೊದವರು ಆ ಹೊತ್ತಿಗೆ ತಾವೂ ಊಟಕ್ಕೆ ಕೂತಿರುತ್ತಾರೆ! ಐರಾಣಿ ಗಡಿಗೆ ತರುವಾಗ, ಹೆಂಗಸರು ಸೋಬಾನ ಹೇಳುವಾಗ, ತವರಿನವರು ಉಡಿ ತುಂಬುವಾಗ ಮದುಮಗಳ ಗಮನ ಪೂರ್ತಿ ಬೇರೆ ಕಡೆ ಇರುತ್ತದೆ. ಅಂತರಪಟ ಹಿಡಿದಾಗ ಅವಳ ಮುಖ ಪರದೆಯ ಮರೆಯಲ್ಲಿರುತ್ತದೆ. ಅವಳ ಕಡೆಯಿಂದ ನಿಂತು ನೋಡಿದವರಿಗೆ ಮಾತ್ರ ಸಿಗುವ ಕಣ್ಣುಗಳು ಅವು. ಅಕ್ಕಿಕಾಳು ಬೀಳುವ ಕ್ಷಣ ಎಲ್ಲರೂ ಕಣ್ಣು ಮುಚ್ಚುತ್ತಾರೆ, ಅದರ ಮರುಕ್ಷಣ ಎಲ್ಲರೂ ಉಸಿರು ಬಿಡುತ್ತಾರೆ. ಬೇಕಾದದ್ದು ಆ ಮರುಕ್ಷಣ.

ಮುಖ ತೋರಿಸಲೇಬೇಕು ಎಂಬ ಹಟವೂ ಬೇಡ. ಕಂಕಣ ಕಟ್ಟಿಸಿಕೊಂಡ ಕೈ, ಮದರಂಗಿ ಹಚ್ಚಿದ ಬೆರಳಿನಲ್ಲಿ ತಮ್ಮನ ಕೈ ಹಿಡಿದದ್ದು, ಬಾಸಿಂಗದ ಎಳೆಗಳ ಹಿಂದೆ ಅರ್ಧ ಕಂಡ ಕೆನ್ನೆ, ಇವೂ ಅವಳೇ. ಕೈಗೊಂದು ಕೆಲಸ ಕೊಟ್ಟರೆ ಮುಖ ತಾನಾಗಿ ಸಡಿಲಾಗುತ್ತದೆ. ಅಪ್ಪಣೆಯ ಬದಲು ಒಂದು ಪ್ರಶ್ನೆ ಕೇಳಿದರೂ ಸಾಕು. ‘ಈ ದಂಡಿ ಯಾರು ಕಟ್ಟಿದ್ರವಾ?’ ಎಂದರೆ ಅವಳು ಕಟ್ಟಿದವರ ಕಡೆ ನೋಡುತ್ತಾಳೆ, ಕಟ್ಟಿದವರು ಏನೋ ಅನ್ನುತ್ತಾರೆ, ಫೋಟೊ ಅಲ್ಲಿ ಆಗುತ್ತದೆ. ಬಿಡಬೇಕಾದ ಹೊತ್ತೂ ಒಂದಿದೆ. ಸುರಗಿ ಸುತ್ತಿ ನೀರು ಹಾಕುವಾಗ ಒದ್ದೆ ಬಟ್ಟೆಯಲ್ಲಿ ಕೂತ ಹುಡುಗಿಯ ಎದುರು ಗಂಡಸು ಕ್ಯಾಮೆರಾ ಹಿಡಿದು ನಿಲ್ಲುವುದು ಶೋಭೆಯಲ್ಲ. ನಾಲ್ಕು ಮೂಲೆಯ ತಂಬಿಗೆಗಳನ್ನೂ ಸುತ್ತಿದ ನೂಲನ್ನೂ ಮೊದಲೇ ತೆಗೆದುಕೊಂಡು ಹೊರನಡೆದರೆ ಆಲ್ಬಮ್ಮಿಗೆ ಏನೂ ನಷ್ಟವಿಲ್ಲ. ಆ ಹುಡುಗಿಯ ನಂಬಿಕೆ ದಿನವಿಡೀ ಉಳಿಯುತ್ತದೆ.

ಹಾಗೆಂದು ನೇರ ನೋಡುವ ಫೋಟೊ ಒಂದೂ ಬೇಡವೆನ್ನುವಂತಿಲ್ಲ. ಮದುವೆಯ ನೋಂದಣಿಗೆ ಉಪನೋಂದಣಾಧಿಕಾರಿ ಕಚೇರಿಗೆ ಹೋದರೆ ಲಗ್ನ ಪತ್ರಿಕೆಯ ಜೊತೆ ಗಂಡ ಹೆಂಡತಿ ಇಬ್ಬರ ಮುಖ ಸ್ಪಷ್ಟವಾಗಿ ಕಾಣುವ ಫೋಟೊ ಕೇಳುತ್ತಾರೆ. ನೋಂದಣಿ ಪತ್ರ ಮುಂದೆ ಹೆಣ್ಣಿನ ಹಕ್ಕಿಗೇ ಆಧಾರವಾಗುವ ಕಾಗದ. ಆ ಒಂದು ಫೋಟೊ, ಹಿರಿಯರ ಜೊತೆಗಿನ ನಾಲ್ಕಾರು ಗುಂಪು ಫೋಟೊ, ಇಷ್ಟಕ್ಕೆ ಹತ್ತು ನಿಮಿಷ ಎಂದು ಮೊದಲೇ ಹೇಳಿ, ಯಾರ ನಂತರ ಯಾರು ನಿಲ್ಲಬೇಕೆಂದು ಚೀಟಿ ಬರೆದುಕೊಂಡು, ಮಂದಿಯನ್ನು ಹೊರಗೆ ಕಳಿಸಿ ಮುಗಿಸಬೇಕು. ಕೊನೆ ಇದೆ ಎಂದು ಗೊತ್ತಿದ್ದರೆ ನಾಚಿಕೆಯವರೂ ಹತ್ತು ನಿಮಿಷ ತಲೆ ಎತ್ತಿ ನಿಲ್ಲುತ್ತಾರೆ. ಕೊನೆಯೇ ಕಾಣದ ‘ಇನ್ನೊಂದು, ಇನ್ನೊಂದು’ ಎಂಥ ಧೈರ್ಯವಂತೆಯನ್ನೂ ದಣಿಸುತ್ತದೆ.

ತಗ್ಗಿಸಿದ ತಲೆಯನ್ನೆಲ್ಲ ನಾಚಿಕೆ ಎಂದು ಓದಿಬಿಡುವುದರಲ್ಲಿ ಅಪಾಯವೂ ಇದೆ. ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಬಾಲ್ಯವಿವಾಹ ಇನ್ನೂ ಪೂರ್ತಿ ನಿಂತಿಲ್ಲ. ಮನೆಯಂಗಳದ ಸಣ್ಣ ಲಗ್ನ ಕೆಲವೊಮ್ಮೆ ಸಣ್ಣದಾಗುವುದು ಖರ್ಚಿನ ಕಾರಣಕ್ಕಲ್ಲ, ಯಾರ ಕಣ್ಣಿಗೂ ಬೀಳಬಾರದು ಎಂಬ ಕಾರಣಕ್ಕೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ 18 ತುಂಬದ ಹುಡುಗಿಯ ಮದುವೆ ನಡೆಸಿದವರಿಗೂ ಅದಕ್ಕೆ ಕುಮ್ಮಕ್ಕು ಕೊಟ್ಟವರಿಗೂ 2 ವರ್ಷದವರೆಗೆ ಕಠಿಣ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಉಂಟು. 2016ರ ಕರ್ನಾಟಕ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ನಾಚಿದವಳ ಕಣ್ಣು ತನ್ನವರನ್ನು ಹುಡುಕುತ್ತದೆ, ಹೆದರಿದವಳ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ. ಮುಖ ನೋಡುವುದನ್ನೇ ಕಸುಬು ಮಾಡಿಕೊಂಡವರಿಗೆ ಈ ವ್ಯತ್ಯಾಸ ತಿಳಿಯದು ಎಂದರೆ ಒಪ್ಪುವುದು ಕಷ್ಟ. ಅನುಮಾನ ಬಂದರೆ ಮುಂಗಡ ತೆಗೆದುಕೊಳ್ಳುವ ಮೊದಲೇ ಶಾಲೆಯ ದಾಖಲೆಯಲ್ಲಿರುವ ವಯಸ್ಸು ಕೇಳಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಕೊನೆಯದಾಗಿ, ಈ ಕಾಲದ ನಾಚಿಕೆಗೆ ಇರುವ ನಾಲ್ಕನೆಯ ಬೇರು. ಫೋಟೊ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹಿಂದಿನವರು ಹೆದರುತ್ತಿದ್ದರು. ಅದನ್ನು ಕೇಳಿ ನಗುವ ಇಂದಿನ ಹುಡುಗಿಗೆ ಇನ್ನೊಂದು ಹೆದರಿಕೆ ಇದೆ, ಅದಕ್ಕೆ ಕಾರಣವೂ ಇದೆ: ಈ ಫೋಟೊ ಎಲ್ಲಿಗೆ ಹೋಗುತ್ತದೆ? ತಾಳಿ ಕಟ್ಟಿ ಮುಗಿಯುವ ಮೊದಲೇ ಅದು ಯಾರದೋ ಸ್ಟೇಟಸ್ಸಿನಲ್ಲಿರುತ್ತದೆ. ಗುರುತಿಲ್ಲದವರು ಅದರ ಕೆಳಗೆ ಏನೇನೋ ಬರೆಯುತ್ತಾರೆ. ಸ್ಟುಡಿಯೊದವರು ತಮ್ಮ ಅಂಗಡಿಯ ಗಾಜಿನ ಮೇಲೂ ಇನ್‌ಸ್ಟಾಗ್ರಾಮಿನಲ್ಲೂ ಜಾಹೀರಾತಿಗೆ ಹಾಕಿಕೊಳ್ಳುತ್ತಾರೆ. ಬಹಳ ಜನಕ್ಕೆ ತಿಳಿಯದ ಸಂಗತಿ ಎಂದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಒಡೆತನ ತೆಗೆಸಿದವರದೇ, ಬೇರೆ ಒಪ್ಪಂದ ಆಗಿರದಿದ್ದರೆ. ಹಾಗಿರುವಾಗ ಮನೆಯವರನ್ನು ಕೇಳದೆ ಹಾಕಿಕೊಳ್ಳುವ ಅಧಿಕಾರ ಸ್ಟುಡಿಯೊದವರಿಗೆ ತಾನಾಗಿ ಬರುವುದಿಲ್ಲ. ಕಾನೂನು ಹಣ ಕೊಟ್ಟ ಅಪ್ಪನ ಹೆಸರಿನಲ್ಲಿ ಮಾತಾಡಬಹುದು. ಮರ್ಯಾದೆ ಮದುಮಗಳ ಹೆಸರಿನಲ್ಲಿ ಮಾತಾಡಬೇಕು. ಅವಳು ನೋಡಿ ಒಪ್ಪುವವರೆಗೆ ಒಂದು ಫೋಟೊವೂ ಹೊರಗೆ ಹೋಗುವುದಿಲ್ಲ ಎಂದು ಹಿಂದಿನ ದಿನವೇ ಅವಳಿಗೆ ಹೇಳಿ, ಹೇಳಿದಂತೆ ನಡೆದುಕೊಂಡರೆ ಅರ್ಧ ನಾಚಿಕೆ ಅಲ್ಲಿಯೇ ಇಳಿಯುತ್ತದೆ.

ಮನೆಯವರು ಕೇಳಬೇಕಾದದ್ದು ಹೀಗೆ ನಾಲ್ಕು ಮಾತು. ಹೆಣ್ಣುಮಕ್ಕಳ ಕೋಣೆಗೆ ಯಾರು ಬರುತ್ತಾರೆ? ಹಿಂದಿನ ಸಂಜೆ ಬಂದು ಮನೆಯ ಬೆಳಕು ನೋಡುತ್ತಾರೆಯೇ? ಮುಖದ ಬಣ್ಣ ಬದಲಿಸದೆ ಕೊಡುತ್ತಾರೆಯೇ? ಫೋಟೊ ಹೊರಗೆ ಹಾಕುವ ಮೊದಲು ಹುಡುಗಿಯನ್ನು ಕೇಳುತ್ತಾರೆಯೇ? ಆಲ್ಬಮ್ಮಿನ ಹಾಳೆ ಎಷ್ಟು, ಡ್ರೋನು ಇದೆಯೇ ಎಂಬುದನ್ನು ಆಮೇಲೆ ಚೌಕಾಶಿ ಮಾಡಿದರಾಯಿತು. ಈ ಮಾತುಗಳೆಲ್ಲ ಮುಂಗಡ ಕೊಡುವ ದಿನವೇ ಆಗಬೇಕು, ಹುಡುಗಿಯೂ ಅಲ್ಲಿ ಕೂತಿರಬೇಕು. ಬಾಸಿಂಗ ಕಟ್ಟಿ ಮಣೆಯ ಮೇಲೆ ಕೂರಿಸಿದ ಮೇಲೆ, ಬೀಗರೆಲ್ಲ ನೋಡುತ್ತಿರುವಾಗ, ‘ನನಗ ಇದು ಬ್ಯಾಡ’ ಎಂದು ಹೇಳುವ ಅವಕಾಶ ಅವಳಿಗೆ ಯಾರೂ ಉಳಿಸಿರುವುದಿಲ್ಲ.